ಹೆಸರು ಹೇಳದವಳು

ಯುದ್ಧಕ್ಕೆ ಹೋದವನು ವಾಪಸು ಬಂದು ಅಡುಗೆಮನೆಯ ಅಟ್ಟ ಸೇರಿದ್ದಾನೆಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವನ ಹೆಂಡತಿಗೆ ಮತ್ತು ತಾಯಿಗೆ. ರಜೆ ಪಡೆದು ಬಂದವನಲ್ಲ. ಗಾಯಾಳುಗಳ ರೈಲಿನಿಂದ ಕತ್ತಲಲ್ಲಿ ಇಳಿದು, ಒಂದೇ ಕಾಲಿಗೆ ಬೂಟು ಹಾಕಿಕೊಂಡು ಹಿತ್ತಲ ಬಾಗಿಲು ತಟ್ಟಿದ್ದ. ಓಡಿಬಂದ ಸಿಪಾಯಿ ಸಿಕ್ಕಿಬಿದ್ದರೆ ಗುಂಡು, ಅಡಗಿಸಿಟ್ಟವರಿಗೆ ಜೈಲು. ತಾಯಿ ಹಿಂದುಮುಂದು ನೋಡದೆ ಏಣಿ ತಂದಿಟ್ಟಿದ್ದಳು.

ಹೆಂಡತಿ ಸೈನ್ಯದ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಕಾಲರಮ್ಮ. ಯುದ್ಧ ಮುಗಿಯುವವರೆಗೆ ಯಾರೂ ಕೆಲಸ ಬಿಡುವಂತಿರಲಿಲ್ಲ. ಮೆಷಿನ್‌ಗಳ ಸಾಲನ್ನು ನೋಡಿಕೊಳ್ಳುವಾಕೆಯ ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಆಕೆ ಟೇಪಕ್ಕ. ಆಕೆಯ ಒಬ್ಬನೇ ಮಗ ಯುದ್ಧದಲ್ಲಿ ಸತ್ತಿದ್ದ. ಸುದ್ದಿ ಬಂದ ಮರುದಿನವೇ ಕೆಲಸಕ್ಕೆ ಬಂದು, "ಕೈ ನಿಂತ್ರೆ ತಲೆ ಓಡುತ್ತೆ, ಮೆಷಿನ್ ತುಳೀರೇ" ಎಂದಿದ್ದಳು.

ಮನೆಯಲ್ಲಿ ಇಬ್ಬರ ರೇಷನ್ನಿನಲ್ಲಿ ಮೂರು ಹೊಟ್ಟೆ ತುಂಬಬೇಕಿತ್ತು. ಅಟ್ಟದ ಮೇಲೆ ಅವನು ಕೆಮ್ಮಿದರೆ ಅತ್ತೆ ಕೆಳಗಿನಿಂದ ಅದಕ್ಕಿಂತ ಜೋರಾಗಿ ಕೆಮ್ಮುತ್ತಿದ್ದಳು. ಬೀದಿಯವರೆಲ್ಲ ಮುದುಕಿಗೆ ಎದೆರೋಗವೆಂದುಕೊಂಡರು. ಪಕ್ಕದ ಮನೆಯ ಕಾಂಪೌಂಡರ್ ಕನಿಕರದಿಂದ ಔಷಧಿ ತಂದುಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ನಿಲ್ಲುತ್ತಿದ್ದ.

"ಈ ಕಹಿ ಕುಡಿದೂ ಕುಡಿದೂ ಇಲ್ಲದ ರೋಗಕ್ಕೆ ಸಾಯ್ತೀನಿ ಕಣೇ" ಎಂದು ಅತ್ತೆ ನಗುತ್ತಿದ್ದಳು.

ಸೊಸೆ ಬಸಿರಾದದ್ದು ತಿಳಿದಾಗ ಆ ನಗು ನಿಂತಿತು.

"ಎಲ್ಲಾದ್ರೂ ಹೋಗಿಬಿಡ್ಲಾ ಅತ್ತೆ?"

"ಪರವಾನಗಿ ಇಲ್ದೆ ರೈಲು ಹತ್ತಿಸ್ತಾರಾ? ನೀನು ಹೋದ್ರೆ ಇವನ ಹೊಟ್ಟೆಗೆ ಯಾರು ತರ್ತಾರೆ?"

ಮೇಲೆ ಹಲಗೆ ಸರಿಯಿತು. "ನಾನೇ ಹೋಗಿ ಶರಣಾಗ್ತೀನಿ" ಎಂದ ಅವನು.

"ಬಾಯಿ ಮುಚ್ಚು" ಎಂದಳು ತಾಯಿ. ಅವನು ಹೆಂಡತಿಯ ಮುಖವನ್ನೇ ನೋಡುತ್ತ ಸ್ವಲ್ಪ ಕಾದ. ಆಮೇಲೆ ಹಲಗೆ ಮುಚ್ಚಿಕೊಂಡಿತು. ಇಷ್ಟು ಬೇಗ ಮುಚ್ಚಿತಲ್ಲ ಎಂದು ಅವಳಿಗೆ ಅನ್ನಿಸದಿರಲಿಲ್ಲ.

ಎಷ್ಟು ಸಡಿಲವಾದ ಬಟ್ಟೆ ಹಾಕಿದರೂ ದಿನವೆಲ್ಲ ಬಟ್ಟೆ ಅಳೆಯುವ ಹೆಂಗಸರ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಗುಸುಗುಸು ಶುರುವಾಯಿತು. ಕಾರ್ಖಾನೆಯಲ್ಲಿದ್ದ ಗಂಡಸೆಂದರೆ ಮೆಷಿನ್ ರಿಪೇರಿ ಮಾಡುವ ಕುಂಟ ಮಾಮ ಒಬ್ಬನೇ. ಎಲ್ಲರ ಕಣ್ಣು ಅವನ ಮೇಲೆ ಬಿತ್ತು.

ಟೇಪಕ್ಕ ಅವಳನ್ನು ಬಟ್ಟೆಯ ಥಾನುಗಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ರಿಪೇರಿ ಮಾಮನ್ನ ಕೆಲಸದಿಂದ ತೆಗೀತಾರಂತೆ. ಕೆಲಸ ಹೋದ್ರೆ ಆ ಕಾಲಲ್ಲೇ ಗಡಿಗೆ ಕಂದಕ ತೋಡೋಕೆ ಕಳಿಸ್ತಾರೆ. ನಿಜ ಹೇಳು, ಅವರದ್ದೇನಾ?"

"ಅಯ್ಯೋ, ಅವರಲ್ಲ ಅಕ್ಕ!"

"ಮತ್ಯಾರು? ಬರೀ ಅವರಲ್ಲ ಅಂದ್ರೆ ಇಲ್ಲಿನೋರು ನಂಬಲ್ಲ."

ನಾಲಿಗೆಯ ತುದಿಗೆ ಬಂದ ನಿಜವನ್ನು ಅವಳು ನುಂಗಿಕೊಂಡಳು. "ಸ್ಟೇಷನ್ನಲ್ಲಿ ಇಳಿದ ಯಾವನೋ ಸಿಪಾಯಿ. ಹೆಸರು ಕೇಳಲಿಲ್ಲ."

ಟೇಪಕ್ಕ ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಈ ಮಾತನ್ನ ಎಲ್ಲರ ಮುಂದೆ ಹೇಳ್ತೀಯಾ?"

ಮಧ್ಯಾಹ್ನ ಮೆಷಿನ್‌ಗಳು ನಿಂತಾಗ ಅವಳು ಎದ್ದು ನಿಂತು ಹೇಳಿದಳು. ಒಬ್ಬೊಬ್ಬರೇ ತಮ್ಮ ಸ್ಟೂಲನ್ನು ಅವಳಿಂದ ದೂರ ಎಳೆದುಕೊಂಡರು. ರಿಪೇರಿ ಮಾಮನ ಕೆಲಸ ಉಳಿಯಿತು. ಆದರೆ ಅಂದಿನಿಂದ ಅವನು ಅವಳ ಮೆಷಿನ್ ಹತ್ತಿರ ಸುಳಿಯಲಿಲ್ಲ. ದಾರ ಕಡಿದರೂ ಚಕ್ರ ಬಿಗಿದರೂ ಅವಳೇ ಎಣ್ಣೆ ಬಿಟ್ಟುಕೊಂಡು ಸರಿಮಾಡಬೇಕಾಯಿತು.

ಇಷ್ಟಾದ ಮೇಲೂ ಅತ್ತೆ ಸುಮ್ಮನಿದ್ದರೆ ಬೀದಿಗೆ ಅನುಮಾನ ಬರುತ್ತಿತ್ತು. ಮೊದಲೇ ಮಾತಾಡಿಕೊಂಡಂತೆ ಆಕೆ ಹೊಸಿಲ ಮೇಲೆ ನಿಂತು ಕಿರುಚಿದಳು: "ನನ್ನ ಮಗ ಅಲ್ಲಿ ಪ್ರಾಣ ಒತ್ತೆ ಇಟ್ಟಿದ್ರೆ ನೀನಿಲ್ಲಿ ಮನೆ ಮಾನ ಬೀದಿಗೆ ತಂದ್ಯಲ್ಲೇ! ನಿನ್ನ ಮುಖಕ್ಕೆ ಬೆಂಕಿ ಹಾಕ!" ಬೈಯುತ್ತ ಬೈಯುತ್ತ ಆಕೆಯ ದನಿ ಬದಲಾಯಿತು, ಮಾತಾಡಿಕೊಂಡಿರದ ಮಾತುಗಳೂ ಬಂದವು. ಒಳಗೆ ಬಂದವಳೇ ಸೊಸೆಯ ಕೈಹಿಡಿದು ಅತ್ತಳು. "ಅವೆಲ್ಲ ಎಲ್ಲಿಂದ ಬಂದ್ವೋ ಗೊತ್ತಿಲ್ಲ ಕಣಮ್ಮ."

"ಇರಲಿ ಬಿಡಿ ಅತ್ತೆ" ಎಂದು ಸೊಸೆ ಮೇಲೆ ನೋಡಿದಳು. ಅಟ್ಟದ ಹಲಗೆ ಮುಚ್ಚಿಯೇ ಇತ್ತು.

ಹೆಣ್ಣು ಮಗು ಹುಟ್ಟಿತು. ಮೊದಮೊದಲು ಕಿಟಕಿಗಳನ್ನೆಲ್ಲ ಮುಚ್ಚಿ, ಅವನು ಕೆಳಗಿಳಿದು ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದ. ಅದು ಮುಖ ಗುರುತಿಸಿ ನಗತೊಡಗಿದ ಕೂಡಲೇ ಅತ್ತೆ ತಡೆದಳು.

"ನಾಳೆ ಮಾತು ಬಂದ್ರೆ ಬೀದೀಲಿ ನಿಂತು ಅಪ್ಪ ಅಂತಾಳೆ. ಇನ್ನು ಇಳೀಬೇಡ."

ಅಲ್ಲಿಂದ ಮುಂದೆ ಅವನಿಗೆ ಮಗಳೆಂದರೆ ಹಲಗೆಯ ಸಂದಿಯಲ್ಲಿ ಕಂಡಷ್ಟೇ. "ಬರೀ ನೆತ್ತಿ ಕಾಣುತ್ತೆ ಕಣೇ" ಎಂದ ಒಂದು ದಿನ. ಅವಳು ಮಗುವನ್ನು ಅಂಗಾತ ಮಲಗಿಸಿದಳು.

ಅದೇ ತಪ್ಪಾಯಿತು.

ಒಂದು ಭಾನುವಾರ ಟೇಪಕ್ಕ ಮಗುವಿಗೆಂದು ಬಟ್ಟೆ ತಂದಳು. ತನ್ನ ಮಗ ಚಿಕ್ಕವನಿದ್ದಾಗ ಹಾಕುತ್ತಿದ್ದ ಬಟ್ಟೆ. ಅಡುಗೆಮನೆಯ ಚಾಪೆಯ ಮೇಲೆ ಮಲಗಿದ್ದ ಮಗು ಅಟ್ಟದ ಕಡೆ ಕೈಕಾಲು ಬಡಿದು ಕೇಕೆ ಹಾಕಿತು. "ಯಾರನ್ನ ಕರೀತಿದೀಯೇ ಚಿನ್ನ?" ಎಂದು ಟೇಪಕ್ಕ ತಲೆಯೆತ್ತಿದಳು. ಹಲಗೆಯ ಸಂದಿಯಲ್ಲಿ ಒಂದು ಕಣ್ಣು ಇತ್ತು. ತಕ್ಷಣ ಮಾಯವಾಯಿತು.

ಟೇಪಕ್ಕ ಚಾಪೆಯ ಅಂಚಿನಲ್ಲಿ ಕೂತಳು. ಎಲ್ಲವೂ ಅರ್ಥವಾಗಿತ್ತು.

"ನನ್ನ ಮಗ ಓಡಿ ಬರಲಿಲ್ಲ" ಎಂದಳು ಮೆಲ್ಲಗೆ. ತಂದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಅವನನ್ನು ಬೇರೆ ಕಡೆ ಸಾಗಿಸೋಣವೆಂದರೆ ಬೇರೆ ಕಡೆ ಎಂಬುದೇ ಇರಲಿಲ್ಲ. ಸೋಮವಾರ ಕಾರ್ಖಾನೆಯಲ್ಲಿ ಬಾಗಿಲು ತೆರೆದಾಗಲೆಲ್ಲ ಪೊಲೀಸರೇ ಬಂದರೆಂದು ಕಾಲರಮ್ಮನ ಕೈ ನಿಲ್ಲುತ್ತಿತ್ತು. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರ ಕಳೆದ ಮೇಲೆ ಅವಳಿಂದ ತಡೆಯಲಾಗಲಿಲ್ಲ. ಹೊಲಿದ ಅಂಗಿಗಳನ್ನು ಎತ್ತಿಕೊಳ್ಳಲು ಬಗ್ಗಿದ ಟೇಪಕ್ಕನ ಕಿವಿಯ ಹತ್ತಿರ ಕೇಳಿದಳು: "ಅಕ್ಕ, ಏನು ಮಾಡ್ತೀರಿ?"

ಟೇಪಕ್ಕ ಅಂಗಿಗಳನ್ನು ಎದೆಗವಚಿಕೊಂಡು ನಿಂತಳು.

"ಗೊತ್ತಿಲ್ಲ ಕಣೇ. ದಿನಾ ಬೆಳಿಗ್ಗೆ ಹೋಗಿ ಹೇಳಿಬಿಡೋಣ ಅಂತಲೇ ಮನೆ ಬಿಡ್ತೀನಿ. ಕಾಲು ಇಲ್ಲಿಗೇ ತರುತ್ತೆ." ಅಂಗಿಗಳ ಅಂಚು ಸರಿಮಾಡುತ್ತ ಅಂದಳು, "ನಾಳೆ ಎಲ್ಲಿಗೆ ಕರ್ಕೊಂಡು ಹೋಗುತ್ತೋ, ನಂಗೊತ್ತಿಲ್ಲ."

ಆಕೆ ಮುಂದಿನ ಮೆಷಿನ್ನಿನತ್ತ ಹೋದಳು. ಕಾಲರಮ್ಮ ಇನ್ನೊಂದು ಅಂಗಿಯನ್ನು ಸೂಜಿಯ ಕೆಳಗೆ ಸರಿಸಿದಳು.