ಹನ್ನೆರಡನೇ ವಾರ

ಸ್ಕೇಲು ಜಾರಿತು, ಗೆರೆ ಸೊಟ್ಟಗಾಯಿತು — ಮೂವತ್ತು ವರ್ಷ ಕನ್ನಡಕದ ಗಾಜು ಉಜ್ಜಿದ ಕೈ, ಕೂದಲೆಳೆಯಷ್ಟೂ ಆಚೀಚೆ ಆಗದ ಕೈ, ಒಂದು ವೇಳಾಪಟ್ಟಿಗೆ ನೆಟ್ಟಗೆ ಗೆರೆ ಎಳೆಯಲಾರದಲ್ಲ, ನಾಚಿಕೆಗೇಡು, ಅಳಿಸು, ಮತ್ತೆ ಎಳೆ. ಎದುರಿಗೆ ಅಕ್ಕ ಎಡಗೈಯೊಂದರಲ್ಲೇ ಕಿತ್ತಳೆ ಸುಲಿಯುತ್ತಿದ್ದಾಳೆ, ಬಲಗೈ ಯಾರೋ ಬಿಟ್ಟುಹೋದ ಕೈಚೀಲದಂತೆ ತೊಡೆಯ ಮೇಲೆ ಬಿದ್ದಿದೆ, ನೋಡಬೇಡ, ಪಟ್ಟಿ ನೋಡು. ಚಳಿಗಾಲದಲ್ಲಿ ಅಂಗಡಿಗೆ ಜನ ಕಡಿಮೆ, ಶಾಲೆ ತೆರೆಯುವ ತಿಂಗಳ ನೂಕುನುಗ್ಗಲಿಲ್ಲ, ಬೆಳಿಗ್ಗೆ ಆರೂವರೆಯಿಂದ ಏಳೂವರೆ ಸ್ವೀಡಿಷ್ ಪದಗಳು, ಊಟದ ಬಿಡುವಿನಲ್ಲಿ ಹತ್ತು ವಾಕ್ಯ, ಸಂಜೆ ಅರ್ಧ ಗಂಟೆ ಅಕ್ಕನ ಜೊತೆ ಮಾತು — ಮಾತು ಅಂದರೆ ಏನು ಮಹಾ, ಬೇಸಿಗೆಯ ಪಟ್ಟಿ ಮುಗಿಯುವ ಹೊತ್ತಿಗೆ ರೈಲ್ವೆ ನಿಲ್ದಾಣ ಎಲ್ಲಿದೆ ಎಂದು ಕೇಳಲು ಬಂದಿತ್ತು, ಕೇಳಿದರೆ ಅಕ್ಕ ಬಚ್ಚಲುಮನೆ ತೋರಿಸಿ ಬಿದ್ದು ಬಿದ್ದು ನಕ್ಕಿದ್ದಳು, ಅರ್ಧ ಬಾಯಿಯಲ್ಲಿ. ಮತ್ತೆ ಹೊಸ ಪಟ್ಟೀನಾ, ಮಳೆಗಾಲದ್ದು ಇನ್ನೂ ಫ್ರಿಜ್ ಮೇಲೆ ನೇತಾಡ್ತಿದೆಯಲ್ಲೇ, ಗಂಡ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಇಣುಕುತ್ತಾನೆ. ಸುಮ್ನಿರ್ರೀ. ಅಲ್ವೇ, ಮೂರು ಪಟ್ಟೀಲೂ ಹನ್ನೆರಡನೇ ವಾರದ ಮನೆ ಖಾಲಿ ಬಿಟ್ಟಿದೀಯ, ಅಲ್ಲೇನು ರಜೆನಾ? ರಜೆಯಂತೆ. ಅವನಿಗೇನು ಗೊತ್ತು, ಅವನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಆ ಖಾಲಿ ಮನೆಯಲ್ಲಿ ಮೇಜಿನ ಮೇಲೆ ಅಂಗಾತ ಬಿದ್ದ ಫೋನಿನ ಕಪ್ಪು ರಿಸೀವರ್ ಇದೆ.

ಅಕ್ಕನಿಗೆ ಹುಟ್ಟಿನಿಂದ ಬಂದ ಮಾತು ಹೋಯಿತು, ಮೂವತ್ತೆಂಟು ವರ್ಷ ಆ ಹಿಮದ ದೇಶದಲ್ಲಿ ಕಷ್ಟಪಟ್ಟು ಕಲಿತ ಸ್ವೀಡಿಷ್ ಉಳಿಯಿತು, ಪಾರ್ಶ್ವವಾಯುವಿಗೆ ಇಂಥ ತಮಾಷೆಯೂ ಗೊತ್ತಿರುತ್ತದೆ ಎಂದು ಯಾರು ಎಣಿಸಿದ್ದರು, ಭಾವ ಹೋಗಿ ವರ್ಷಗಳಾದವು, ಮಕ್ಕಳಿಲ್ಲ, ನಾನೇ ಹೋಗಿ ಕರೆದುಕೊಂಡು ಬಂದೆ, ವಿಮಾನದುದ್ದಕ್ಕೂ ಅಕ್ಕಾ ಅಕ್ಕಾ ಎಂದೆ, ಅವಳು ಅಪರಿಚಿತ ದಾದಿಯನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದಳು. ಅವ್ರಿಗೆ ನಿಮ್ಮ ಮಾತು ಅರ್ಥಾನೂ ಆಗಲ್ಲಮ್ಮ, ಇನ್ನೊಂದು ಸಲ ಬಂದ್ರೆ ಇರೋ ಮಾತೂ ಹೋಗ್ಬಹುದು, ಡಾಕ್ಟರು ನಿನ್ನೆ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು. ಯಾವಾಗ ಬರಬಹುದು ಡಾಕ್ಟ್ರೇ? ಯಾವಾಗ ಬೇಕಾದ್ರೂ. ಹನ್ನೆರಡು ವಾರ ಬಿಟ್ಟು ಬಾ ಎಂದು ಅದಕ್ಕೆ ಹೇಳುವವರು ಯಾರು. ಫೋನಿಗೇ ಹೇಳು, ಅದು ಅನುವಾದ ಮಾಡುತ್ತೆ ಎನ್ನುತ್ತಾನೆ ಗಂಡ, ಅಕ್ಕನ ತೊದಲು ಆ ಯಂತ್ರಕ್ಕೆ ಹತ್ತುವುದಿಲ್ಲ, ಹತ್ತಿದರೂ ಇದು ಯಂತ್ರದ ಬಾಯಲ್ಲಿ ಹೇಳಿಸುವ ಮಾತಲ್ಲ. ಆಗ ಅಮ್ಮ ಮಲಗಿದ್ದಳು ಒಳಗೆ, ಉಸಿರು ಎಳೆಯುತ್ತಿದ್ದಳು, ಅಕ್ಕನ ಫೋನು ಮೇಲಿಂದ ಮೇಲೆ, ದೊಡ್ಡಾಸ್ಪತ್ರೆಗೆ ಸೇರಿಸು ಅಂದೆನಲ್ಲ, ನಿನಗೇನೂ ತಿಳಿಯಲ್ಲ ಕಣೇ, ಅಲ್ಲಿ ಕೂತು ಅಪ್ಪಣೆ ಮಾಡುವುದು ಸುಲಭ, ಮಲ ಬಳಿಯುವವಳು ನಾನು, ಮೈಯೆಲ್ಲ ಉರಿದುಹೋಯಿತು, ರಿಸೀವರ್ ತೆಗೆದು ಪಕ್ಕಕ್ಕಿಟ್ಟೆ, ಒಂದು ಗಂಟೆ ಇರಲಿ ಎಂದು, ಒಂದು ಗಂಟೆ ಎರಡು ದಿನವಾಯಿತು, ಅಮ್ಮ ಎರಡನೇ ದಿನ ಬೆಳಿಗ್ಗೆ ಅವಳ ದನಿ ಕೇಳಿಸು ಎಂದಳು, ನಾಳೆ ಅಮ್ಮಾ ಎಂದೆ. ನಾಳೆ. ನಾಳೆಗೆ ಅಮ್ಮ ಇರಲಿಲ್ಲ. ಲೈನ್ ಕೆಟ್ಟಿತ್ತು ಅಕ್ಕಾ ಎಂದೆ. ಇಪ್ಪತ್ತೆರಡು ವರ್ಷ ಆ ಸುಳ್ಳನ್ನು ನಂಬಿದ್ದಾಳೆ, ಅಥವಾ ನಂಬಿದವಳ ಹಾಗೆ ಇದ್ದಾಳೆ, ಅದೂ ಗೊತ್ತಿಲ್ಲ.

ಅಕ್ಕನ ಕೈಯಿಂದ ಒಂದು ತೊಳೆ ಜಾರಿ ನೆಲಕ್ಕೆ ಬೀಳುತ್ತದೆ — ತುಟಿ ವಾಲಿತೇ, ಎಡತುಟಿ, ಇಲ್ಲ, ಬೆಳಕು, ಬರೀ ಕಿಟಕಿಯ ಬೆಳಕು, ಈ ಸಲಕ್ಕೆ, ಪೆನ್ಸಿಲು ಮೂರನೇ ವಾರದ ಮೇಲಿದೆ, ಹಣ್ಣುಗಳ ಹೆಸರು, ಹಾಳಾಗಿ ಹೋಗಲಿ ಹಣ್ಣು. ಪೆನ್ಸಿಲು ಕೆಳಗಿಟ್ಟೆ. ಹನ್ನೆರಡನೇ ವಾರಕ್ಕೆಂದು ಇಟ್ಟ ಮೂರು ವಾಕ್ಯ, ಮೊದಲ ಪಟ್ಟಿ ಬರೆಯುವ ಮುಂಚೆಯೇ ಬಾಯಿಪಾಠ, ಗಾಜು ಉಜ್ಜುತ್ತಾ ಯಂತ್ರದ ಸದ್ದಿನಡಿ ಸಾವಿರ ಸಲ ಗೊಣಗಿದ್ದು, ಆ ಪರದೇಶದ ಮಾತಿನಲ್ಲಿ ಈಗ ಬಾಯಿಂದ ಬಂದೇಬಿಟ್ಟಿತು — ಫೋನು ಕೆಟ್ಟಿರಲಿಲ್ಲ, ರಿಸೀವರ್ ತೆಗೆದಿಟ್ಟವಳು ನಾನು, ಫೋರ್ಲೋಟ್ ಮೇಯ್, ನನ್ನನ್ನು ಕ್ಷಮಿಸು. ಅಕ್ಕನ ಬೆರಳು ನಿಂತಿತು. ಅರ್ಥವಾಗಿದೆ, ಕಣ್ಣೇ ಹೇಳುತ್ತಿದೆ, ಅಯ್ಯೋ ಅರ್ಥವಾಗಿದೆ. ಅಕ್ಕ ಬಾಯಿ ತೆರೆದಳು, ಮೆಲ್ಲಗೆ ಶುರು ಮಾಡಿದಳು, ಒಂದು ಮಾತು, ಎರಡು, ಆಮೇಲೆ ನಿಲ್ಲಲೇ ಇಲ್ಲ, ಇಲ್ಲಿಗೆ ಬಂದಾಗಿನಿಂದ ಇಷ್ಟು ಮಾತು ಆಡಿರಲಿಲ್ಲ, ಅಮ್ಮ ಎಂದಳೇ, ಎರಡು ದಿನ ಎಂದಳೇ, ಬೈಯುತ್ತಿದ್ದಾಳೋ ಸಮಾಧಾನ ಹೇಳುತ್ತಿದ್ದಾಳೋ, ಕಣ್ಣಲ್ಲಿ ನೀರಿದೆ, ಕೋಪಕ್ಕೂ ಬರುತ್ತದೆ ನೀರು, ಪಟ್ಟಿಯಲ್ಲಿ ಏನಿದೆ ಹುಡುಕು, ಬೇಸಿಗೆ, ಮಳೆಗಾಲ, ಚಳಿಗಾಲ, ಎಲ್ಲವೂ ಹೇಳುವ ಮಾತೇ, ನಾನು ಹೇಳುವುದು, ನಾನು ಪ್ರಶ್ನೆ ಕೇಳುವುದು, ಅವಳು ಉತ್ತರ ಕೊಟ್ಟರೆ ಎಂದು ಯಾವ ವಾರದಲ್ಲೂ ಬರೆಯಲಿಲ್ಲ, ಇನ್ನೊಂದು ಸಲ ಹೇಳು ಎನ್ನುವುದಕ್ಕೆ ಅಲ್ಲಿ ಏನನ್ನುತ್ತಾರೆ, ಅದನ್ನೂ ಕಲಿಯಲಿಲ್ಲ, ಅಕ್ಕ ತಡಿ, ಅಕ್ಕ ನಿಧಾನ, ಅವಳಿಗೆ ಇದು ಅರ್ಥವಾಗುವುದಿಲ್ಲ, ಅಕ್ಕ ಹೇಳುತ್ತಿದ್ದಾಳೆ, ಹೇಳುತ್ತಲೇ ಇದ್ದಾಳೆ, ಮೇಜಿನ ಮೇಲೆ ಕಪ್ಪು ರಿಸೀವರ್, ಅಂಗಾತ, ಅಕ್ಕ ಹೇಳುತ್ತಿದ್ದಾಳೆ, ಮೇಜಿನ ಮೇಲೆ ಕಪ್ಪು ರಿಸೀವರ್, ಅಂಗಾತ