ಬಾನೆಟ್ಟಿನ ಮೇಲೆ ಮೋಟಾರು

“ರಿಪೇರಿ ಆಗಿ ಆರು ದಿನ ಆಯ್ತಲ್ಲಮ್ಮ. ಇನ್ನೂ ಕೊಟ್ಟಿಲ್ಲ ಅಂತ ಯಾರು ಹೇಳಿದ್ದು?” ಮೋಟಾರು ರಿಪೇರಿಯವನು ಮೂಲೆಯಲ್ಲಿದ್ದ ನೀಲಿ ಮೋಟಾರನ್ನು ತೋರಿಸಿದ.

“ನಮ್ಮ ಓನರ್.”

“ಅವರೇ ಫೋನ್ ಮಾಡಿ, ಅವಸರ ಇಲ್ಲ, ಇಟ್ಟಿರು ಅಂದ್ರು.”

ಟೈಲರ್ ಅಕ್ಕನ ಕೆನ್ನೆ ಬಿಸಿಯಾಯಿತು. ಹೋದ ತಿಂಗಳು ಓನರ್ ಮನೆ ಖಾಲಿ ಮಾಡಿ ಎಂದಾಗ ಮೂರು ಮಹಡಿಯವರೂ ಒಪ್ಪಿರಲಿಲ್ಲ. ಆಮೇಲೆ ಮಹಡಿಗಳಿಗೆ ನೀರೇರಿಸುವ ಮೋಟಾರು ಕೆಟ್ಟಿತು. ಮೊದಲನೇ ಮಹಡಿಯವರು ಮೊನ್ನೆ ಹೊರಟೇ ಹೋದರು. ಎರಡನೆಯವರು ಸಾಮಾನು ಕಟ್ಟುತ್ತಿದ್ದಾರೆ. ಮೂರನೆಯದರಲ್ಲಿ ಇವಳು, ಮತ್ತು ಸೊಂಟ ಮುರಿದು ಮಲಗಿದ ಅತ್ತೆ. ಬೀದಿ ನಲ್ಲಿಯಲ್ಲಿ ಮನೆಗೆ ಎರಡೇ ಬಕೆಟ್. ಅದು ಕುಡಿಯಲು, ಬೇಯಿಸಲು, ಕಕ್ಕಸಿಗೆ. ಅತ್ತೆಗೆ ಸ್ನಾನ ಮಾಡಿಸಿ ಒಂಬತ್ತು ದಿನ. ಇವತ್ತು ಬೆಳಿಗ್ಗೆ ಮಗ್ಗುಲು ಹೊರಳಿಸುವಾಗ ಬೆನ್ನಿನ ಚರ್ಮ ಹಾಸಿಗೆಗೆ ಅಂಟಿ ಬಂದಿತ್ತು.

ಅವಳು ಬಗ್ಗಿ ಮೋಟಾರನ್ನು ಎತ್ತಿಕೊಂಡಳು.

“ಅಯ್ಯೋ, ಇಪ್ಪತ್ತು ಕೇಜಿ ಇದೆ ಕಣಮ್ಮ!”

“ಎರಡು ಬಕೆಟ್ ನೀರು ಎಷ್ಟು ತೂಗುತ್ತೆ ಅಂತ ನನ್ನ ಕೇಳಣ್ಣ.”

ಅವನು ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಹಿಂದೆಯೇ ಹೊರಟ.

ಓನರ್ ಗೇಟಿನೊಳಗೆ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ಕೆಳಗಿನ ಅವರ ಮನೆಗೆ ಬೀದಿಯ ನೀರು ನೇರವಾಗಿ ಬರುತ್ತದೆ. ಅದಕ್ಕೆ ಮೋಟಾರು ಬೇಡ.

“ಯಾಕಮ್ಮ ತೊಂದರೆ ತಗೊಂಡ್ರಿ? ನಾಳೆ ನಾನೇ ತರೋನಿದ್ದೆ,” ಎಂದು ನಕ್ಕರು.

ಅವಳು ಮೋಟಾರನ್ನು ಕಾರಿನ ಬಾನೆಟ್ಟಿನ ಮೇಲೆ ಧಡ್ಡನೆ ಇಟ್ಟಳು.

“ಏಯ್! ಪೇಂಟು! ಪೇಂಟು ಹೋಗುತ್ತೆ!”

“ನಮ್ಮತ್ತೆ ಬೆನ್ನಿನ ಚರ್ಮ ಹೋಗಿದೆ. ಪಂಪಿನ ಕೋಣೆ ಕೀಲಿ ಕೊಡಿ.”

“ಇದೇನು ದೌರ್ಜನ್ಯ! ಪೊಲೀಸರನ್ನ ಕರೀತೀನಿ ನೋಡಿ!”

“ಕರೀರಿ. ಮೋಟಾರು ಯಾವತ್ತು ರೆಡಿ ಆಯ್ತು ಅಂತ ಇವರೇ ಹೇಳ್ತಾರೆ. ಅಲ್ಲಿವರೆಗೂ ಇದು ಇಲ್ಲೇ ಇರುತ್ತೆ.”

ರಿಪೇರಿಯವನು ಕೆಮ್ಮಿ, ಓನರ್ ಮುಖವನ್ನೇ ನೋಡುತ್ತ ನಿಂತ. ಮೋಟಾರಿನ ಬುಡದಿಂದ ಕಪ್ಪು ಎಣ್ಣೆ ಸಣ್ಣಗೆ ಇಳಿಯತೊಡಗಿತು. ಓನರ್ ಜೇಬಿಗೆ ಕೈ ಹಾಕಿದರು. ಕೀಲಿ ಅಲ್ಲೇ ಇತ್ತು.

ಸಂಜೆಗೆ ಮೂರನೇ ಮಹಡಿಯ ನಲ್ಲಿ ಎರಡು ಸಲ ಗೊರಗುಟ್ಟಿ, ಕೆಂಪಗೆ ಉಗುಳಿ, ಆಮೇಲೆ ತಿಳಿಯಾಗಿ ಸುರಿಯಿತು. ಅವಳು ಅತ್ತೆಯನ್ನು ಎತ್ತಿ ತಂದು, ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಗಾಯ ತಪ್ಪಿಸಿ ನಿಧಾನವಾಗಿ ನೀರು ಹುಯ್ದಳು.

“ಇನ್ನೊಂದು ಚೊಂಬು ಹಾಕೇ,” ಎಂದರು ಅತ್ತೆ ಕಣ್ಣು ಮುಚ್ಚಿ.

ಅವರನ್ನು ಒರೆಸಿ ಮಲಗಿಸಿದ ಮೇಲೂ ಅವಳು ನಲ್ಲಿ ಬಿಟ್ಟು ಕದಲಲಿಲ್ಲ. ಬಕೆಟ್ ತುಂಬಿದವು, ಕೊಡ ತುಂಬಿತು, ಪಾತ್ರೆಗಳು ತುಂಬಿದವು. ಕೊನೆಗೆ ಲೋಟಗಳನ್ನೂ ಒಂದೊಂದಾಗಿ ಹಿಡಿದು, ಹೊಲಿಗೆ ಮೆಷಿನ್ನಿನ ಮೇಲೆ ಸಾಲಾಗಿ ಇಟ್ಟಳು.