ಕನ್ನಡಕ ರೆಡಿ ಇದೆ

ಬಹಳ ಹಿಂದೆ, ಅಂದರೆ ಅಜ್ಜಿಗೆ ಬಾಯ್ತುಂಬ ಹಲ್ಲಿದ್ದ ಕಾಲದಲ್ಲಿ, ಒಬ್ಬ ರಾಕ್ಷಸನಿದ್ದನಂತೆ. ಅವನು ಬಾಗಿಲು ಮುರಿಯುತ್ತಿರಲಿಲ್ಲ, ಯಾರ ರಕ್ತವನ್ನೂ ಹೀರುತ್ತಿರಲಿಲ್ಲ. ಮುಖ ಬಾಡಿಸಿಕೊಂಡು ಕೂತ ಮಕ್ಕಳ ಕಿಟಕಿಯ ಹೊರಗೆ ನಿಂತು, "ಊಟ ಆಯ್ತಾ, ಕಂದಾ?" ಎಂದು ಕೇಳುತ್ತಿದ್ದನಂತೆ. ಅಷ್ಟೇ. ಮಕ್ಕಳು ತಾವಾಗಿಯೇ ಚಿಲಕ ತೆಗೆದು ಅವನ ಹಿಂದೆ ನಡೆದುಬಿಡುತ್ತಿದ್ದರಂತೆ.

ಈ ಕಥೆ ಕೇಳುವಾಗ ತಮ್ಮ ಅಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ಅವನಿಗೆ ಮೀಸೆ ಚಿಗುರಿದ ಮೇಲೆ ರಾಕ್ಷಸ ಅಂಗೈಯಗಲದ ಕಿಟಕಿಯಲ್ಲಿ ಬಂದ.

ಅಕ್ಕನಿಗೆ ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಗಾಜು ಅರೆಯುವ ಕೆಲಸ. ತಮ್ಮನದು ದಪ್ಪ ಗಾಜು. ಕಾಲೇಜಿನಲ್ಲಿ ಅವನನ್ನು ಎಲ್ಲರೂ ಸೋಡಾ ಎಂದೇ ಕರೆಯುತ್ತಿದ್ದರು. ಒಂದು ದಿನ ತರಗತಿಯವನೊಬ್ಬ ತಮಾಷೆಗೆ ತಳ್ಳಿದ. ಎಡಗಡೆಯ ಗಾಜು ಅಡ್ಡಕ್ಕೆ ಬಿರುಕು ಬಿಟ್ಟಿತು.

"ಹೊಸದು ಹಾಕಿಕೊಡ್ತೀನಿ ಕಣೋ," ಎಂದಳು ಅಕ್ಕ.

"ಯಾವಾಗ?"

"ಈ ವಾರ. ಮಾತು ಅಂದ್ರೆ ಮಾತು."

ಅಂಗಡಿಯಲ್ಲಿ ಕೆಲಸದ ಮೇಲೆ ಕೆಲಸ ಬಿತ್ತು. ವಾರ ಜಾರಿತು.

ಅಷ್ಟರಲ್ಲಿ ತಮ್ಮನ ಫೋನಿನಲ್ಲಿ ಮೊದಲು ನಗಿಸುವ ವಿಡಿಯೊ, ಆಮೇಲೆ ಮೈಕಟ್ಟು ಬೆಳೆಸುವ ವಿಡಿಯೊ. ಒಂದಕ್ಕೆ ಲೈಕ್ ಒತ್ತಿದರೆ ಅಂಥವೇ ಸಾಲುಗಟ್ಟಿ ಬಂದವು. ಒಂದರ ಕೆಳಗೆ ಅವನು ತನ್ನ ನೋವು ಬರೆದುಕೊಂಡ. ದೊಡ್ಡಣ್ಣ ಎಂದು ಹೆಸರಿಟ್ಟುಕೊಂಡ ಯಾರೋ ಅಂದೇ ಮೆಸೇಜ್ ಕಳಿಸಿದ: "ಊಟ ಆಯ್ತಾ, ತಮ್ಮಾ? ನಿನ್ನ ನೋಡಿ ನಕ್ಕೋರು ಯಾರು ಹೇಳು." ದಿನಾ ಕೇಳಿದ. ಕೇಳುತ್ತ ಕೇಳುತ್ತ, ನಗುವವರೆಲ್ಲ ಸೇತುವೆಯಾಚೆಯ ಕೇರಿಯ ಜನರೇ ಎಂದು ನಂಬಿಸಿದ. ಬಳಿಕ ಒಂದು ಗುಟ್ಟಿನ ಗ್ರೂಪಿಗೆ ಸೇರಿಸಿದ.

"ಏನೋ, ಆ ಫೋನೇ ನಿನ್ನ ಅತ್ತೆಮನೆಯಾ?" ಎಂದು ಅಪ್ಪ ರೇಗಿಸಿದರು. ತಮ್ಮ ನಗಲಿಲ್ಲ. ಒಂದು ಬೆಳಿಗ್ಗೆ ಅವನ ಹಾಸಿಗೆ ಖಾಲಿಯಿತ್ತು. ಮನೆಯವರ ನಂಬರುಗಳನ್ನೆಲ್ಲ ಬ್ಲಾಕ್ ಮಾಡಿ ಹೋಗಿದ್ದ.

ಮುಂದೆ ಅವನು ಕಂಡದ್ದು ಒಂದು ವಿಡಿಯೊದಲ್ಲಿ. ಕರಿ ಅಂಗಿಯವರು ಸಾಲಾಗಿ ನಿಂತು, ಆ ಜನರನ್ನು ಓಡಿಸಬೇಕೆಂದು ಮುಷ್ಟಿ ಎತ್ತಿ ಕೂಗುತ್ತಿದ್ದರು. ಸಾಲಿನ ಕೊನೆಯಲ್ಲಿ ತಮ್ಮ. ಅಪ್ಪನಿಗೆ ಕಂಡದ್ದು ಮುಷ್ಟಿ, ಅಮ್ಮನಿಗೆ ಅಂಗಿ. ಅಕ್ಕನಿಗೆ ಕಂಡದ್ದು ಗಾಜಿನ ಬಿರುಕು.

ಮರುದಿನವೇ ಅವಳು ಅವನ ಗಾಜು ಅರೆಯಲು ಕೂತಳು.

"ಫ್ರೇಮ್ ಕೈಯಲ್ಲಿಲ್ಲದೆ ಗಾಜು ಅರೀತಾರೇನಮ್ಮ? ಕಾಲು ನೋಡದೆ ಚಪ್ಪಲಿ ಹೊಲಿದ ಹಾಗೆ!" ಎಂದರು ಅಂಗಡಿ ಯಜಮಾನರು.

"ಆ ಫ್ರೇಮು ನಂಗೆ ಬಾಯಿಪಾಠ, ಸಾರ್."

ಮಾಡಿಸಲು ಕೊಟ್ಟ ಕನ್ನಡಕ ಒಯ್ಯದವರಿಗೆ ಪ್ರತಿ ಸೋಮವಾರ ಅಂಗಡಿಯ ನಂಬರಿನಿಂದ ಒಂದೇ ಮೆಸೇಜ್ ಹೋಗುತ್ತಿತ್ತು: "ನಿಮ್ಮ ಕನ್ನಡಕ ರೆಡಿ ಇದೆ. ಬಂದು ತೆಗೆದುಕೊಂಡು ಹೋಗಿ." ಯಜಮಾನರು ಅದರಲ್ಲಿ ತಮ್ಮನ ನಂಬರನ್ನೂ ಸೇರಿಸಿದರು. ಅಪ್ಪ, ಅಮ್ಮ, ಅಕ್ಕ ಎಲ್ಲರನ್ನೂ ದೂರ ಮಾಡಿಸಿದ ದೊಡ್ಡಣ್ಣ ಕನ್ನಡಕದ ಅಂಗಡಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಮ್ಮ ಸರಿಯಾಗಿ ಉಣ್ಣುತ್ತಿಲ್ಲ ಎಂದೂ ಬರೆಯೋಣವೆನ್ನಿಸಿತು ಅಕ್ಕನಿಗೆ. ಮನೆಯ ಸುದ್ದಿ ಕಂಡರೆ ಈ ನಂಬರನ್ನೂ ಬ್ಲಾಕ್ ಮಾಡಿಯಾನೆಂದು ಬೆರಳು ತಡೆದುಕೊಂಡಳು.

ಮೆಸೇಜನ್ನು ಅವನು ಓದಿದ್ದಕ್ಕೆ ನೀಲಿ ಗುರುತು ಬಿತ್ತು. ಉತ್ತರ ಬರಲಿಲ್ಲ. ಸೋಮವಾರಗಳು ಕಳೆದವು. ಅಂಗಡಿಯ ಬಾಗಿಲು ಕಿರುಗುಟ್ಟಿದಾಗಲೆಲ್ಲ ಅಕ್ಕನ ಕೈ ನಿಲ್ಲುತ್ತಿತ್ತು; ಬಂದವರ ಕೆಮ್ಮಿನಿಂದ, ನಡಿಗೆಯ ಸಪ್ಪಳದಿಂದ, ಅವನಲ್ಲ ಎಂದು ತಿಳಿದು ಮತ್ತೆ ಚಲಿಸುತ್ತಿತ್ತು. ಬೀದಿಯಲ್ಲಿ ಕನ್ನಡಕದ ಹುಡುಗರು ಕಂಡರೆ ಅವಳ ಎದೆ ಅವಳಿಗಿಂತ ಮೊದಲು ಓಡುತ್ತಿತ್ತು.

ಒಂದು ಮಧ್ಯಾಹ್ನ ಅವನೇ ಬಂದ. ಕೆನ್ನೆ ಒಳಸೇರಿತ್ತು.

"ಮೆಸೇಜ್ ಬಂತು," ಎಂದ. "ಬೇಗ ಹಾಕಿಕೊಡು. ಅವರಿಗೆ ಹೇಳದೆ ಬಂದಿದೀನಿ, ವಾಪಸ್ ಹೋಗ್ಬೇಕು."

ಅಪ್ಪಿಕೊಳ್ಳಲು ಎದ್ದ ಕೈಗಳನ್ನು ಅಕ್ಕ ಕನ್ನಡಕದ ಕಡೆಗೆ ಚಾಚಿದಳು. ಒಡೆದ ಗಾಜು ಕಳಚಿ ಹೊಸದನ್ನು ಇಟ್ಟಳು. ಕೂರಲಿಲ್ಲ, ಅಂಚು ಕೂದಲೆಳೆಯಷ್ಟು ದೊಡ್ಡದು.

"ಬಾಯಿಪಾಠ ಅಂದಿದ್ಯಲ್ಲಮ್ಮ!" ಎಂದು ಯಜಮಾನರು ನಕ್ಕು, ಇಬ್ಬರನ್ನೇ ಬಿಟ್ಟು ಹೊರಗೆ ಹೋದರು.

ಅವಳು ಮತ್ತೆ ಅರೆಯತೊಡಗಿದಳು. ಕನ್ನಡಕವಿಲ್ಲದ ತಮ್ಮ ಯಂತ್ರದ ಸದ್ದು ಬಂದ ಕಡೆಗೆ ಮುಖ ತಿರುಗಿಸಿ ಕೂತ.

"ಅಲ್ಲಿ ನನ್ನ ಸೋಡಾ ಅನ್ನಲ್ಲ ಅಕ್ಕಾ."

"ಮತ್ತೇನಂತಾರೆ?"

"ಹದ್ದು."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಕೈಗೆಟುಕೋ ಲೋಟ ಕಾಣದ ಹದ್ದಾ?"

ಅವನ ತುಟಿಯೂ ಅಲುಗಿತು. ಆಮೇಲೆ ತಲೆ ತಗ್ಗಿಸಿದ.

"ಗಾಜು ಹಾಕಿಸ್ತೀನಿ ಅಂದ್ರೆ ಬೇಡ ಅಂದ ದೊಡ್ಡಣ್ಣ. ವಿಡಿಯೊಗೆ ಹಾಗೇ ಚೆನ್ನಾಗಿದೆ, ಆ ಜನಾನೇ ಒಡೆದ್ರು ಅಂತ ಹೇಳು ಅಂದ. ಒಂದ್ಸಲ ಹೇಳ್ದೆ. ಅದನ್ನ ಕೇಳಿ ಗ್ರೂಪಿನೋರು ಸೇತುವೆಯಾಚೆ ಯಾರದೋ ಅಂಗಡಿಗೆ ಕಲ್ಲು ಹೊಡೆದ್ರು. ಒಡೆದಿದ್ದು ನಮ್ಮ ಕ್ಲಾಸಿನೋನು ಅಲ್ವೇನೇ?"

"ಹೌದು."

ಜೇಬಿನಲ್ಲಿ ಫೋನು ಗುರುಗುಟ್ಟಿತು. ತಡಕಾಡಿ ತೆಗೆದು ಮೇಜಿನ ಮೇಲೆ ಮಗುಚಿಟ್ಟ. ಅದು ಅಲ್ಲೇ ನಡುಗಿ ನಡುಗಿ ಸುಮ್ಮನಾಯಿತು.

"ಹೋಗ್ಬೇಕು ಅಂದ್ಯಲ್ಲ," ಎಂದಳು ಅಕ್ಕ. ದನಿ ಅಷ್ಟು ಸಣ್ಣದಾಗಬಾರದಿತ್ತು.

"ಹೊಸ ಗಾಜು ಹಾಕ್ಕೊಂಡು ಅಲ್ಲಿಗೆ ಹೇಗ್ ಹೋಗ್ಲಿ?" ಎಂದ ತಮ್ಮ. "ಮನೇಗೆ ನಿನ್ ಜೊತೇಲೇ ಬರ್ತೀನಿ. ಅಪ್ಪನ ಹತ್ರ ಮೊದಲು ನೀನು ಮಾತಾಡು. ಹಾಕು ಬೇಗ."

ಅಕ್ಕ ಫ್ರೇಮನ್ನು ಬಿಸಿಗಾಳಿಗೆ ಹಿಡಿದಳು. ಮೆತ್ತಗಾದ ಅಂಚಿನೊಳಕ್ಕೆ ಹೆಬ್ಬೆರಳಿನಿಂದ ಗಾಜನ್ನು ಒತ್ತಿದಳು. ಈ ಸಲ ಸರಿಯಾಗಿ ಕೂತಿತು. ಎರಡೂ ಕಡೆ ಒರೆಸಿ, ಅವನ ಮೂಗಿನ ಮೇಲಿಟ್ಟಳು.